ಸಾವನದುರ್ಗ ಹತ್ತಿ ಇಳಿಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸಾವನದುರ್ಗಕ್ಕೆ ಹೋಗಿ ಒದ್ದಾಡಿ ಬಂದವರನ್ನು ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹತ್ತುವಾಗ ಎಲ್ಲ ಸರಿ ಇತ್ತು. ಇಳಿಯುವಾಗ ಬಂಡೆ ಮೇಲೆ ದಾರಿ ತೋರಿಸುವ ಬಾಣದ ಗುರುತು ಸಿಗಲಿಲ್ಲ. ಕೆಳಗೆ ದೇವಸ್ಥಾನ ಕಾಣಿಸುತ್ತಿತ್ತಲ್ಲ ಅಂತ ನೇರ ಇಳಿದರು. ಅರ್ಧ ದಾರಿಯಲ್ಲಿ ಬಂಡೆ ಕಡಿದಾಯಿತು. ಕೆಳಗೆ ಹೋಗೋಕೂ ಆಗಲಿಲ್ಲ, ಮೇಲೆ ಹತ್ತೋಕೂ ಆಗಲಿಲ್ಲ. ಅಷ್ಟರಲ್ಲಿ ನೀರು ಖಾಲಿ, ಬಿಸಿಲು ನೆತ್ತಿಗೆ ಬಂದಿತ್ತು.

ಈ ಬೆಟ್ಟದಲ್ಲಿ ಕಷ್ಟ ಇರುವುದು ಇಳಿಯುವುದರಲ್ಲಿ. ಹತ್ತುವಾಗ ದಮ್ಮು ಹತ್ತುತ್ತದೆ, ಅಷ್ಟೇ. ಆದ್ದರಿಂದ ದಿನ, ಹೊತ್ತು, ಶೂ, ನೀರು, ಜೊತೆಗಾರರು, ಎಲ್ಲವನ್ನೂ ಇಳಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಬೇಕು. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ಮೊದಲ ಮೂರು ಹಂತ ಮನೆಯಲ್ಲೇ ಮುಗಿಯುವಂಥವು. ಅವನ್ನು ಬಿಟ್ಟು ಸೀದಾ ಬೆಟ್ಟಕ್ಕೆ ಹೋದವರೇ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು.

ಹಂತ 1: ಯಾವ ಬೆಟ್ಟ, ಯಾವ ದಿನ, ಅನುಮತಿ

ಸಾವನದುರ್ಗ ಇರುವುದು ಮಾಗಡಿ ತಾಲ್ಲೂಕಿನಲ್ಲಿ, ಬೆಂಗಳೂರಿನ ಪಶ್ಚಿಮಕ್ಕೆ. ನೀವು ನಗರದ ಯಾವ ಮೂಲೆಯಲ್ಲಿದ್ದೀರಿ ಅನ್ನುವುದರ ಮೇಲೆ ಸುಮಾರು 50ರಿಂದ 60 ಕಿಲೋಮೀಟರ್. ತುದಿ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಇಲ್ಲಿ ಎರಡು ಗುಡ್ಡಗಳಿವೆ: ಕರಿಗುಡ್ಡ ಮತ್ತು ಬಿಳಿಗುಡ್ಡ. ನಡೆದು ಹತ್ತುವವರ ಬೆಟ್ಟ ಬಿಳಿಗುಡ್ಡ. ಕರಿಗುಡ್ಡದ ಬಂಡೆ ಹಗ್ಗ, ಹೆಲ್ಮೆಟ್, ತರಬೇತಿ ಇರುವ ಬಂಡೆ ಏರುಗಾರರಿಗೆ ಸೇರಿದ್ದು. ಅತ್ತ ಕಡೆ ಕಾಲುದಾರಿ ಕಂಡರೂ ಹೋಗಬೇಡಿ.

ಇದು ಅರಣ್ಯ ಇಲಾಖೆಯ ಜಾಗ. ಹೊರಡುವ ಮೊದಲು ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಆ ದಿನ ಚಾರಣಕ್ಕೆ ಅವಕಾಶ ಇದೆಯಾ ನೋಡಿ, ಇದ್ದರೆ ಅಲ್ಲೇ ಬುಕ್ ಮಾಡಿ. ಶುಲ್ಕ, ಹೊತ್ತು, ಎಷ್ಟು ಜನರನ್ನು ಬಿಡುತ್ತಾರೆ ಅನ್ನುವುದು ಆಗಾಗ ಬದಲಾಗುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ಹೋದ ವರ್ಷ ಗೆಳೆಯರು ಹೋಗಿದ್ದಾರೆ ಅನ್ನುವ ಮಾತು ನಂಬಿ ಹೊರಡಬೇಡಿ. ಬುಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯ ಮೂಲ ಪ್ರತಿಯನ್ನೇ ಜೊತೆಗಿಟ್ಟುಕೊಳ್ಳಿ. ರಾತ್ರಿ ಹತ್ತುವುದಕ್ಕೆ ಅನುಮತಿ ಇಲ್ಲ. ಮೇಲೆ ಟೆಂಟ್ ಹಾಕುವುದು, ಬೆಂಕಿ ಹಚ್ಚುವುದು ಯಾವ ಕಾಲಕ್ಕೂ ಬೇಡ.

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹೋಗುವುದು ಒಳ್ಳೆಯದು. ಬಂಡೆ ಒಣಗಿರುತ್ತದೆ, ಬಿಸಿಲು ತಡೆದುಕೊಳ್ಳುವಷ್ಟಿರುತ್ತದೆ. ಮಾರ್ಚ್ ಆದ ಮೇಲೆ ಬೆಳಗ್ಗೆ ಹತ್ತು ದಾಟಿದರೆ ಬಂಡೆ ಕಾಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಸಿರು ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೋಗುತ್ತಾರೆ. ಹೊಸಬರಿಗೆ ನಾನು ಆ ತಿಂಗಳುಗಳನ್ನು ಹೇಳುವುದಿಲ್ಲ. ಒದ್ದೆ ಬಂಡೆ ಮೇಲೆ ಅನುಭವಸ್ಥರ ಕಾಲೂ ನಿಲ್ಲುವುದಿಲ್ಲ.

ಹಿಂದಿನ ರಾತ್ರಿ ಮಾಗಡಿ ಕಡೆ ಮಳೆಯಾಗಿದ್ದರೆ ಕಾರ್ಯಕ್ರಮ ರದ್ದು ಮಾಡಿ. ಬೆಳಗ್ಗೆ ಬಿಸಿಲು ಬಂದಿದೆಯಲ್ಲ ಅನ್ನಬೇಡಿ. ಬಂಡೆಯ ಸಂದುಗಳಿಂದ ಗಂಟೆಗಟ್ಟಲೆ ನೀರು ಜಿನುಗುತ್ತಲೇ ಇರುತ್ತದೆ.

ಹಂತ 2: ಏನೇನು ಬೇಕು

ಮೊದಲು ಶೂ. ಬೇರೆ ಎಲ್ಲದರಲ್ಲೂ ರಾಜಿ ಮಾಡಿಕೊಳ್ಳಬಹುದು, ಇದರಲ್ಲಿ ಮಾತ್ರ ಬೇಡ. ಅಂಗಾಲಿನ ರಬ್ಬರ್ ಮೆತ್ತಗಿರಬೇಕು, ಸವೆದಿರಬಾರದು. ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿದರೆ ಬಂಡೆಗೆ ಹಿಡಿಯುತ್ತದೆ. ಪ್ಲಾಸ್ಟಿಕ್ ಥರ ಗಟ್ಟಿಯಾಗಿದ್ದರೆ ಜಾರುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಶೂ ಹಾಕಿಕೊಂಡು ಬರಬೇಡಿ. ನೋಡೋಕೆ ಹೊಸದಾಗಿದ್ದರೂ ಅಂಟು ಒಣಗಿ ಅಟ್ಟೆ ಪೂರ್ತಿ ಕಿತ್ತು ಬರುತ್ತದೆ. ಹೊಚ್ಚ ಹೊಸ ಶೂ ಆದರೆ ಒಂದು ವಾರ ಮೊದಲೇ ಹಾಕಿಕೊಂಡು ಓಡಾಡಿ. ಕಾಲ್ಬೆರಳು ಶೂ ತುದಿಗೆ ತಾಗುತ್ತಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಅರ್ಧ ಸೈಜು ದೊಡ್ಡದು ತೆಗೆದುಕೊಳ್ಳಿ, ಉಗುರು ಕತ್ತರಿಸಿಕೊಂಡು ಬನ್ನಿ.

ನೀರು ಒಬ್ಬರಿಗೆ 3 ಲೀಟರ್. ಒಂದು ಲೀಟರ್ ಸಾಕು ಅಂದುಕೊಂಡು ಬಂದವರು ಮೇಲೆ ಬೇರೆಯವರ ಬಾಟಲಿ ನೋಡುತ್ತಾ ಕೂರುತ್ತಾರೆ. ಮೇಲೆ ಅಂಗಡಿ ಇಲ್ಲ. ಬಂಡೆ ಗುಂಡಿಗಳಲ್ಲಿ ನಿಂತ ಮಳೆನೀರು ಕುಡಿಯುವಂಥದ್ದಲ್ಲ. ಮೂರರಲ್ಲಿ ಒಂದು ಲೀಟರನ್ನು ಇಳಿಯುವುದಕ್ಕೆ ಅಂತಲೇ ಬ್ಯಾಗಿನ ತಳದಲ್ಲಿಡಿ. ಒಆರ್‌ಎಸ್ ಪೊಟ್ಟಣ ಎರಡಿರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಗಟ್ಟಿ ಮಾಡಿ ಕುಡಿದರೆ ಉಪಕಾರಕ್ಕಿಂತ ತೊಂದರೆ ಜಾಸ್ತಿ.

ತಿನ್ನೋಕೆ ಚಿತ್ರಾನ್ನ, ಪುಳಿಯೋಗರೆ, ಬಾಳೆಹಣ್ಣು, ಸೌತೆಕಾಯಿ, ಕಡಲೆಕಾಯಿ ಚಿಕ್ಕಿ. ಎಲ್ಲ ಡಬ್ಬಿಯಲ್ಲಿರಲಿ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡರೆ ದೇವಸ್ಥಾನದ ಹತ್ತಿರದ ಕೋತಿಗಳು ಬಿಡುವುದಿಲ್ಲ.

ಎರಡೂ ಹೆಗಲಿಗೆ ಹಾಕುವ ಬ್ಯಾಗ್ ಬೇಕು. ಕೈ ಎರಡೂ ಖಾಲಿ ಇರಬೇಕು, ಇದು ಮುಖ್ಯ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಫೋನ್ ಹಿಡಿದುಕೊಂಡು ಬಂಡೆ ಇಳಿಯುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಚಾರಣದ ಕೋಲು ಈ ಬೆಟ್ಟಕ್ಕೆ ಅಷ್ಟು ಹೊಂದುವುದಿಲ್ಲ. ಬರೀ ಬಂಡೆ ಮೇಲೆ ಅದರ ತುದಿ ಜಾರುತ್ತದೆ. ಮಂಡಿ ನೋವಿರುವವರು ತರಲೇಬೇಕೆಂದರೆ ಮಡಚಿ ಬ್ಯಾಗಿಗೆ ಹಾಕುವಂಥದ್ದು ತನ್ನಿ.

ಉಳಿದಂತೆ ಟೋಪಿ, ತುಂಬುತೋಳಿನ ಹತ್ತಿ ಅಂಗಿ, ಸಡಿಲವಾದ ಪ್ಯಾಂಟು, ಪೂರ್ತಿ ಚಾರ್ಜ್ ಆದ ಫೋನ್, ಪವರ್ ಬ್ಯಾಂಕ್, ಒಂದು ಸೀಟಿ, ಕ್ರೇಪ್ ಬ್ಯಾಂಡೇಜ್, ಗಾಯದ ಔಷಧಿ. ಬೆಳಗ್ಗೆಯೇ ಹೋಗಿ ಬರುತ್ತೇವಲ್ಲ ಅಂತ ಟಾರ್ಚ್ ಬಿಟ್ಟು ಬರಬೇಡಿ. ತಲೆಗೆ ಕಟ್ಟುವ ಟಾರ್ಚ್ ಗುಂಪಿಗೆ ಎರಡಾದರೂ ಇರಲಿ. ಸೆಂಟು, ಘಮಘಮ ಎಣ್ಣೆ ಹಚ್ಚಿಕೊಳ್ಳಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಹಂತ 3: ಹೊತ್ತಿನ ಲೆಕ್ಕ ಹಾಕಿ, ಬರೆದಿಟ್ಟುಕೊಳ್ಳಿ

ಬೆಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 6:45ರ ಹತ್ತಿರ. ನವೆಂಬರ್ ಕೊನೆಯಲ್ಲಿ ಮುಳುಗುವುದು ಸಂಜೆ 5:50ಕ್ಕೆ. ಚಳಿಗಾಲದ ಹಗಲು ಅಷ್ಟೇ. ಹತ್ತುವುದಕ್ಕೆ ಎರಡರಿಂದ ಎರಡೂವರೆ ಗಂಟೆ, ಇಳಿಯುವುದಕ್ಕೂ ಅಷ್ಟೇ ಅಂತ ಇಟ್ಟುಕೊಳ್ಳಿ. ಇಳಿಯುವುದು ಬೇಗ ಆಗುತ್ತದೆ ಅನ್ನುವುದು ತಪ್ಪು ಲೆಕ್ಕ. ಹೊಸಬರಿಗೆ ಇಳಿಯುವಾಗಲೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ನಾನು ಹೇಳುವ ವೇಳಾಪಟ್ಟಿ ಇದು. ಬೆಳಗ್ಗೆ 5ಕ್ಕೆ ಊರು ಬಿಡಿ. 6:30ರ ಸುಮಾರಿಗೆ ಬುಡದಲ್ಲಿರಿ. ಬೆಳಕು ಚೆನ್ನಾಗಿ ಹರಿದ ಮೇಲೆ, 7ರೊಳಗೆ ಹತ್ತಲು ಶುರುಮಾಡಿ. 9:30ಕ್ಕೆ ತುದಿ. 10:15ಕ್ಕೆ ಅಲ್ಲಿಂದ ಎದ್ದುಬಿಡಿ. ಮಧ್ಯಾಹ್ನ 1ರೊಳಗೆ ಕೆಳಗೆ. ಬುಕಿಂಗ್‌ನಲ್ಲಿ ಪ್ರವೇಶದ ಹೊತ್ತು ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಎಲ್ಲವನ್ನೂ ಸರಿಸಿ.

ಒಂದು ಹೊತ್ತನ್ನು ಮಾತ್ರ ಯಾರ ಮಾತಿಗೂ ಬದಲಿಸಬೇಡಿ. ಅದು ಹಿಂದಿರುಗುವ ಹೊತ್ತು. 10:30 ಆದಾಗ ನೀವು ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್. ತುದಿ ಕಣ್ಣೆದುರೇ ಇದ್ದರೂ ಸರಿ. ಇದನ್ನು ಹತ್ತುವ ಮೊದಲೇ ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡಿರಬೇಕು. ಮೇಲೆ ಹೋಗಿ ಚರ್ಚೆ ಮಾಡಿದರೆ "ಇನ್ನೇನು ಹತ್ತು ನಿಮಿಷ" ಅನ್ನುವವರೇ ಗೆಲ್ಲುತ್ತಾರೆ.

ಮನೆಯಲ್ಲಿ ಒಬ್ಬರಿಗೆ ವಿಷಯ ಹೇಳಿ ಹೋಗಿ. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ಕೆಳಗಿರುತ್ತೇವೆ, ಎಷ್ಟು ಗಂಟೆವರೆಗೂ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ಬೆಟ್ಟದ ಮೇಲೆ ಫೋನ್ ಸಿಗ್ನಲ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮ್ಯಾಪನ್ನು ಹಿಂದಿನ ದಿನವೇ ಆಫ್‌ಲೈನ್ ಇಳಿಸಿಕೊಳ್ಳಿ.

ಒಬ್ಬರೇ ಹೋಗಬೇಡಿ. ಇಬ್ಬರಿಗಿಂತ ನಾಲ್ವರು ವಾಸಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಕೆಳಗಿಳಿದು ಸಹಾಯ ತರಬಹುದು.

ಹಂತ 4: ಬುಡಕ್ಕೆ ತಲುಪುವುದು

ಸ್ವಂತ ಗಾಡಿಯಾದರೆ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ತಾವರೆಕೆರೆ ದಾಟಿ ಹೋಗಿ. ಮಾಗಡಿ ಪಟ್ಟಣಕ್ಕೆ ಮೊದಲೇ ಎಡಕ್ಕೆ ಸಾವನದುರ್ಗದ ಕವಲು ಸಿಗುತ್ತದೆ. ಬಸ್ಸಿನಲ್ಲಾದರೆ ಮೆಜೆಸ್ಟಿಕ್ ಅಥವಾ ಕೆ.ಆರ್. ಮಾರುಕಟ್ಟೆಯಿಂದ ಮಾಗಡಿಗೆ ಹೋಗಿ, ಅಲ್ಲಿಂದ ಸುಮಾರು 12 ಕಿಲೋಮೀಟರ್ ಊರ ಬಸ್ಸು ಇಲ್ಲವೇ ಆಟೊ. ಬಸ್ಸಿನ ದಾರಿ ಹಿಡಿದರೆ ಬೆಳಗ್ಗೆ 7ಕ್ಕೆ ಹತ್ತಲು ಶುರುಮಾಡುವುದು ಕಷ್ಟ. ವಾಪಸ್ ಬರುವ ಆಟೊಗೆ ಬುಡಕ್ಕೆ ಬಂದಿಳಿದ ತಕ್ಷಣವೇ, ಹತ್ತುವ ಮೊದಲೇ ಮಾತಾಡಿಟ್ಟುಕೊಳ್ಳಿ.

ಬುಡದಲ್ಲಿ ವೀರಭದ್ರೇಶ್ವರ ಸ್ವಾಮಿ ಮತ್ತು ನರಸಿಂಹ ಸ್ವಾಮಿ ದೇವಸ್ಥಾನಗಳಿವೆ. ರಜೆ ದಿನ ಭಕ್ತರ ಗಾಡಿಗಳೂ ತುಂಬಾ ಬರುತ್ತವೆ. ಗಾಡಿ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಬ್ಯಾಗ್ ಬಿಡಬೇಡಿ. ಶೌಚಾಲಯದ ಕೆಲಸ ಇಲ್ಲೇ ಮುಗಿಸಿ.

ಹತ್ತುವ ಮೊದಲು ಐದು ನಿಮಿಷ ನಿಂತು ಬೆಟ್ಟ ನೋಡಿ. ದಾರಿ ಬಂಡೆಯ ಯಾವ ಭಾಗದಲ್ಲಿ ಶುರುವಾಗುತ್ತದೆ, ದೇವಸ್ಥಾನ ನಿಮ್ಮ ಬೆನ್ನಿಗೆ ಎಡಕ್ಕಿದೆಯೋ ಬಲಕ್ಕಿದೆಯೋ, ಮರಗಳ ಪಟ್ಟಿ ಎಲ್ಲಿದೆ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೇಲಿನಿಂದ ನೋಡುವಾಗ ಇದೇ ಬೆಟ್ಟ ಬೇರೆ ಥರ ಕಾಣಿಸುತ್ತದೆ. ಆಗ ಈ ಫೋಟೊ ಕೆಲಸಕ್ಕೆ ಬರುತ್ತದೆ.

ಹಂತ 5: ಬಂಡೆ ಮೇಲೆ ನಡೆಯುವುದನ್ನು ಕಲಿಯಿರಿ

ಸಾವನದುರ್ಗದ ಬಹುಪಾಲು ದಾರಿ ಮೆಟ್ಟಿಲೂ ಅಲ್ಲ, ಮಣ್ಣಿನ ಹಾದಿಯೂ ಅಲ್ಲ. ಬರೀ ಗ್ರಾನೈಟ್ ಬಂಡೆಯ ಓರೆ ಮೈ. ಶಿವಗಂಗೆಯಲ್ಲಿರುವ ಹಾಗೆ ಕಂಬಿ ಹಿಡಿದು ಹತ್ತುತ್ತೇವೆ ಅಂದುಕೊಂಡು ಬರಬೇಡಿ. ಇಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಅಂಗಾಲಿನ ರಬ್ಬರ್ ಮತ್ತು ಬಂಡೆಯ ನಡುವಿನ ಹಿಡಿತ ಒಂದೇ. ಆ ಹಿಡಿತ ಬರುವುದು ಭಾರ ನೇರ ಪಾದದ ಮೇಲೆ ಬಿದ್ದಾಗ.

ಬುಡದ ಮೊದಲ ಬಂಡೆಯಲ್ಲೇ, ಬಿದ್ದರೂ ಏನೂ ಆಗದ ಎತ್ತರದಲ್ಲಿ, ಹತ್ತಿಪ್ಪತ್ತು ಹೆಜ್ಜೆ ಹತ್ತಿ ಇಳಿದು ಅಭ್ಯಾಸ ಮಾಡಿ. ಪೂರ್ತಿ ಅಂಗಾಲು ಬಂಡೆಗೆ ತಾಗಲಿ, ಹಿಮ್ಮಡಿ ಎತ್ತಬೇಡಿ. ಹೆಜ್ಜೆ ಚಿಕ್ಕದಿರಲಿ. ಸೊಂಟ ಪಾದದ ನೇರಕ್ಕಿರಲಿ. ಹೆದರಿಕೆಯಾದಾಗ ಮೈ ತಾನಾಗಿಯೇ ಬಂಡೆ ಕಡೆಗೆ ಬಾಗಿ, ಕೈ ಊರಲು ನೋಡುತ್ತದೆ. ಹಾಗೆ ಬಾಗಿದರೆ ಪಾದದ ಮೇಲಿನ ಭಾರ ಕಡಿಮೆಯಾಗಿ ಶೂ ಜಾರುತ್ತದೆ. ನೆಟ್ಟಗೆ ನಿಂತವರ ಕಾಲೇ ಗಟ್ಟಿ.

ಇಲ್ಲೇ ನಿಮ್ಮ ಗುಂಪಿನಲ್ಲಿ ಯಾರಿಗೆ ಎತ್ತರದ ಭಯ ಇದೆ, ಯಾರ ಶೂ ಜಾರುತ್ತಿದೆ ಅನ್ನುವುದು ಗೊತ್ತಾಗಿಬಿಡುತ್ತದೆ. ಈ ಅಭ್ಯಾಸದಲ್ಲಿ ಇಳಿಯೋಕೆ ಹೆದರಿದವರನ್ನು ಹುರಿದುಂಬಿಸಿ ಮೇಲೆ ಕರೆದುಕೊಂಡು ಹೋಗಬೇಡಿ. ಮೇಲೆ ಹೋದ ಮೇಲೆ ಅವರಿಗೆ ಇಳಿಯದೆ ಬೇರೆ ದಾರಿ ಇರುವುದಿಲ್ಲ. ಜೊತೆಗೊಬ್ಬರು ನಿಂತು ದೇವಸ್ಥಾನದ ಹತ್ತಿರ ಅವರೊಂದಿಗೆ ಇರಲಿ.

ಬಂಡೆಯ ಮೈಯನ್ನು ಓದುವುದೂ ಕಲಿಯಬೇಕು. ನಾಲ್ಕು ಜಾಗಗಳಲ್ಲಿ ಕಾಲಿಡುವ ಮೊದಲು ಯೋಚಿಸಿ.

ಒಂದು, ಕಪ್ಪು ಪಟ್ಟೆಗಳು. ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಎಳೆದಂತಿರುತ್ತವೆ. ಮಳೆನೀರು ಹರಿಯುವ ದಾರಿ ಅದು, ಅಲ್ಲಿ ಪಾಚಿಯಂಥದ್ದು ಬೆಳೆದಿರುತ್ತದೆ. ಒಣಗಿದ್ದಾಗ ಸುಮ್ಮನಿರುತ್ತದೆ, ಒಂದು ಹನಿ ಬಿದ್ದರೂ ವಿಪರೀತ ಜಾರುತ್ತದೆ. ಒಣಗಿದ್ದರೂ ತಪ್ಪಿಸಿ ನಡೆಯುವುದನ್ನೇ ಅಭ್ಯಾಸ ಮಾಡಿಕೊಳ್ಳಿ. ಬಿಳಿಚಿಕೊಂಡ, ಒರಟು ಮೈ ಹುಡುಕಿ ಹೆಜ್ಜೆ ಇಡಿ.

ಎರಡು, ಪುಡಿ ಜಲ್ಲಿ. ಗ್ರಾನೈಟ್ ಸವೆದು ಉದುರಿದ ದಪ್ಪ ಮರಳಿನ ಕಾಳು ಬಂಡೆ ಮೇಲೆ ಚೆಲ್ಲಿರುತ್ತದೆ. ಕಾಲಡಿಯಲ್ಲಿ ಉರುಳುವುದು ಇದೇ. ಶೂ ತುದಿಯಿಂದ ಸರಿಸಿ ಆಮೇಲೆ ಭಾರ ಹಾಕಿ.

ಮೂರು, ಪದರ ಎದ್ದ ಬಂಡೆ. ಬಿಸಿಲು ಚಳಿಗೆ ಸಿಕ್ಕಿ ಗ್ರಾನೈಟಿನ ಮೇಲ್ಮೈ ಹಪ್ಪಳದ ಹಾಗೆ ಎದ್ದಿರುತ್ತದೆ. ಅನುಮಾನ ಬಂದರೆ ಹಿಮ್ಮಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದರ ಮೇಲೆ ನಿಲ್ಲಬೇಡಿ, ಅದರ ಅಂಚು ಹಿಡಿದು ಮೈ ಎಳೆದುಕೊಳ್ಳಲೂಬೇಡಿ.

ನಾಲ್ಕು, ಹುಲ್ಲು. ಬಂಡೆಯ ಸಂದಿಯಲ್ಲಿ ಬೆಳೆದ ಎತ್ತರದ ಹುಲ್ಲು ಗುಂಡಿಯನ್ನೂ ಅಂಚನ್ನೂ ಮುಚ್ಚಿರುತ್ತದೆ. ಹಾವು ಮಲಗುವುದೂ ಅಲ್ಲೇ. ಹುಲ್ಲಿನ ಗೊಂಚಲು ಹಿಡಿದುಕೊಂಡು ಹತ್ತಬೇಡಿ, ಬೇರುಸಹಿತ ಬಂದುಬಿಡುತ್ತದೆ.

ಹಂತ 6: ಹತ್ತುವುದು, ಗುರುತು ಹಿಡಿಯುವುದು

ದಾರಿಯುದ್ದಕ್ಕೂ ಬಂಡೆ ಮೇಲೆ ಬಣ್ಣದಲ್ಲಿ ಬಾಣದ ಗುರುತುಗಳಿವೆ. ಮಳೆಗಾಲ ಕಳೆದ ಮೇಲೆ ಕೆಲವು ಮಾಸಿರುತ್ತವೆ. ಒಂದು ಬಾಣ ಸಿಕ್ಕಿದ ಮೇಲೆ ಮುಂದಿನದು ಕಾಣುವವರೆಗೂ ಹಿಂದಿನದನ್ನು ಬಿಡಬೇಡಿ. ಗುಂಪಿನಲ್ಲಿ ಒಬ್ಬರು ಬಾಣದ ಹತ್ತಿರ ನಿಲ್ಲಲಿ, ಇನ್ನೊಬ್ಬರು ಮುಂದೆ ಹೋಗಿ ಹುಡುಕಲಿ. ಸ್ವಲ್ಪ ನಿಧಾನ ಅನ್ನಿಸಬಹುದು. ದಾರಿ ತಪ್ಪಿ ತಿರುಗುವುದಕ್ಕಿಂತ ಬೇಗ ಆಗುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಒಂದಿದೆ. ಬಾಣಗಳನ್ನು ಬರೆದಿರುವುದು ಹತ್ತುವವರ ಕಣ್ಣಿಗೆ. ಮೇಲಿನಿಂದ ಬರುವಾಗ ಅದೇ ಬಾಣ ಬಂಡೆಯ ಉಬ್ಬಿನ ಹಿಂದೆ ಮರೆಯಾಗಬಹುದು. ಆದ್ದರಿಂದ ಪ್ರತಿ ಬಾಣ ದಾಟಿದ ಮೇಲೆ ತಿರುಗಿ ನಿಂತು ಕೆಳಗೆ ನೋಡಿ. ಇಳಿಯುವಾಗ ಈ ಜಾಗ ಹೇಗೆ ಕಾಣಿಸುತ್ತದೆ ಅನ್ನುವುದನ್ನು ಮನಸ್ಸಿಗೆ ತಂದುಕೊಳ್ಳಿ. ಬಾಗಿದ ಮರ, ಒಡೆದ ಬಂಡೆ, ಹಳೆಯ ಕೋಟೆ ಗೋಡೆಯ ತುಂಡು, ಇಂಥ ಅಲುಗಾಡದ ಗುರುತು ಹಿಡಿಯಿರಿ. ತಿರುವುಗಳಲ್ಲಿ ಫೋಟೊ ತೆಗೆಯಿರಿ, ಕೆಳಮುಖವಾಗಿ. ಸೆಲ್ಫಿಗೆ ಬ್ಯಾಟರಿ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ. ಫೋನ್‌ನಲ್ಲಿ ನಡೆದ ದಾರಿ ದಾಖಲಿಸುವ ಆ್ಯಪ್ ಇದ್ದರೆ ಬುಡದಲ್ಲೇ ಶುರುಮಾಡಿ.

ಅಲ್ಲಲ್ಲಿ ಕೋಟೆ ಗೋಡೆಯ ಉಳಿಕೆಗಳು, ಕುರುಚಲು ಗಿಡಗಳ ಪಟ್ಟಿ, ನೀರು ನಿಂತ ಗುಂಡಿ ಸಿಗುತ್ತವೆ. ಗೋಡೆಯ ಸಡಿಲ ಕಲ್ಲುಗಳ ಮೇಲೆ ಹತ್ತಬೇಡಿ. ನೀರಿನ ಗುಂಡಿಗೆ ಇಳಿಯಬೇಡಿ. ಅಂಚು ಪಾಚಿ ಕಟ್ಟಿರುತ್ತದೆ, ಒಳಗಿಂದ ಹತ್ತಿ ಬರಲು ಹಿಡಿತ ಇರುವುದಿಲ್ಲ. ಗಿಡಗಳ ಪಟ್ಟಿಯಲ್ಲಿ ದಾರಿ ಕವಲೊಡೆಯುತ್ತದೆ. ಆಡು ಮೇಯಿಸುವವರ ಕಾಲುದಾರಿ ಎಲ್ಲೆಲ್ಲೋ ಹೋಗುತ್ತದೆ. ಹತ್ತು ನಿಮಿಷ ನಡೆದರೂ ಬಾಣ ಸಿಗದಿದ್ದರೆ ನೀವು ದಾರಿಯಲ್ಲಿಲ್ಲ. ಕೊನೆಯ ಬಾಣಕ್ಕೆ ವಾಪಸ್ ಹೋಗಿ.

ನೀರು ಬಾಯಾರುವ ಮೊದಲೇ ಕುಡಿಯಬೇಕು. ಹದಿನೈದು, ಇಪ್ಪತ್ತು ನಿಮಿಷಕ್ಕೆ ಎರಡು ಗುಟುಕು. ಗುಂಪಿನಲ್ಲಿ ನಿಧಾನ ಇರುವವರನ್ನು ಮುಂದೆ ಬಿಡಿ. ವೇಗದವರು ಮುಂದಿದ್ದರೆ ಹಿಂದಿನವರು ಬರುವವರೆಗೂ ಕೂತು ದಣಿವಾರಿಸಿಕೊಳ್ಳುತ್ತಾರೆ. ಇವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಸಿಗುವುದಿಲ್ಲ, ಅಲ್ವಾ?

ಈ ಲಕ್ಷಣಗಳು ಕಂಡರೆ ಅಲ್ಲಿಂದಲೇ ಹಿಂದಿರುಗಿ: ಮೀನಖಂಡ ಅಥವಾ ತೊಡೆ ಪದೇ ಪದೇ ಹಿಡಿದುಕೊಳ್ಳುವುದು, ತಲೆನೋವಿನ ಜೊತೆ ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆಂದು ಚಳಿಯಾಗುವುದು, ಕಾಲು ನಡುಗುವುದು. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಬಿಸಿಲಿನ ಪೆಟ್ಟು. ನೆರಳಿಗೆ ಕರೆದೊಯ್ದು, ತಲೆ, ಕತ್ತು, ಕಂಕುಳಿಗೆ ನೀರು ಹಾಕಿ, ಬಟ್ಟೆಯಿಂದ ಗಾಳಿ ಬೀಸುತ್ತಾ ತಕ್ಷಣ ಸಹಾಯಕ್ಕೆ ಫೋನ್ ಮಾಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಆಕಾಶ ನೋಡುತ್ತಿರಿ. ಗುಡುಗು ಕೇಳಿದರೆ, ಎಷ್ಟೇ ದೂರವಿರಲಿ, ತುದಿಯ ಆಸೆ ಬಿಡಿ. ಬರಿ ಬಂಡೆಯ ಮೇಲೆ ನೀವೇ ಎತ್ತರದ ವಸ್ತು. ಒಂಟಿ ಮರದ ಕೆಳಗೂ ನಿಲ್ಲಬೇಡಿ.

ಹೆಜ್ಜೇನು, ಕರಡಿ, ಚಿರತೆ

ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆ, ಸೆಂಟಿನ ವಾಸನೆ, ಕೂಗಾಟ, ಕಲ್ಲು ತೂರುವುದು ಅವುಗಳನ್ನು ಕೆರಳಿಸುತ್ತವೆ. ಒಂದೆರಡು ನೊಣ ಮುಖದ ಸುತ್ತ ಬಂದು ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆ. ಕೈ ಬೀಸದೆ, ಸದ್ದು ಮಾಡದೆ ಬಂದ ದಾರಿಯಲ್ಲೇ ಸರಿಯಿರಿ. ಗುಂಪಾಗಿ ಬಂದರೆ ಮುಖ, ಕತ್ತು ಬಟ್ಟೆಯಿಂದ ಮುಚ್ಚಿಕೊಂಡು ಆದಷ್ಟು ದೂರ ಹೋಗಿ. ಆದರೆ ಕಾಲೆಲ್ಲಿ ಇಡುತ್ತಿದ್ದೀರಿ ನೋಡಿಕೊಳ್ಳಿ. ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಉಸಿರಾಟ ಕಷ್ಟವಾದರೆ, ತುಟಿ, ನಾಲಿಗೆ ಊದಿದರೆ, ತುಂಬಾ ಕಡೆ ಚುಚ್ಚಿದ್ದರೆ ನೇರ ಆಸ್ಪತ್ರೆಗೆ.

ಈ ಕಾಡಿನಲ್ಲಿ ಕರಡಿ, ಚಿರತೆ ಇವೆ. ಅವು ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬೆಳಕು ಹರಿದ ಮೇಲೆ ಶುರುಮಾಡಿ ಅಂದಿದ್ದು ಅದಕ್ಕೇ. ಗುಹೆ, ಬಂಡೆ ಪೊಟರೆಗಳಿಗೆ ಇಣುಕಬೇಡಿ. ಸಾಧಾರಣ ದನಿಯಲ್ಲಿ ಮಾತಾಡುತ್ತಾ ನಡೆದರೆ ಅವಕ್ಕೆ ನಿಮ್ಮ ಸುಳಿವು ಸಿಕ್ಕಿ ಸರಿದುಕೊಳ್ಳುತ್ತವೆ. ಸ್ಪೀಕರ್‌ನಲ್ಲಿ ಹಾಡು ಹಾಕುವುದು ಬೇಡ. ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರುವಂಥದ್ದು. ಅದನ್ನು ನೋಡಲು ದೂರದೂರದಿಂದ ಜನ ಸಾವನದುರ್ಗಕ್ಕೆ ಬರುತ್ತಾರೆ. ಸುಮ್ನೆ ಕೂತರೆ ನಿಮಗೂ ಕಾಣಿಸಬಹುದು.

ಹಂತ 7: ತುದಿಯಲ್ಲಿ

ತುದಿಯಲ್ಲಿ ಪುಟ್ಟ ನಂದಿ ಮಂಟಪ ಇದೆ. ಅದು ಸಿಕ್ಕಿದರೆ ತುದಿ ಮುಟ್ಟಿದಿರಿ ಅಂತ ಲೆಕ್ಕ. ಗಾಳಿ ಜೋರಾಗಿರುತ್ತದೆ. ಫೋಟೊಗೆ ಅಂಚಿನ ಕಡೆ ಹಿಂದಕ್ಕೆ ಹೆಜ್ಜೆ ಇಡುವುದು ಇಲ್ಲಿನ ದೊಡ್ಡ ಅಪಾಯ. ತೆಗೆಯುವವರು ಜಾಗ ಬದಲಿಸಲಿ, ನಿಂತವರು ಅಲುಗಬಾರದು.

ಕೂತು ತಿನ್ನಿ, ನೀರು ಕುಡಿಯಿರಿ, ಶೂ ಬಿಚ್ಚಿ ಒಳಗಿನ ಕಲ್ಲು ಕೊಡವಿ. ಮತ್ತೆ ಹಾಕುವಾಗ ಲೇಸು ಮೊದಲಿಗಿಂತ ಬಿಗಿಯಾಗಿರಲಿ, ಪಾದ ಮುಂದಕ್ಕೆ ಜಾರಬಾರದು. ಕಸವೆಲ್ಲ ಬ್ಯಾಗಿಗೆ, ಬಾಳೆಹಣ್ಣಿನ ಸಿಪ್ಪೆಯೂ. ಆಮೇಲೆ ಹತ್ತುವಾಗ ತೆಗೆದ ಫೋಟೊಗಳನ್ನು ಕೊನೆಯಿಂದ ಮೊದಲಿಗೆ ಎಲ್ಲರೂ ಕೂತು ಒಮ್ಮೆ ನೋಡಿ.

ಹಂತ 8: ಇಳಿಯುವುದು

ಮೊದಲ ಕೆಲಸ, ಬಂದ ದಾರಿಯ ಬಾಯಿ ಹುಡುಕುವುದು. ತುದಿ ಅಗಲವಾಗಿದೆ, ಎಲ್ಲ ಕಡೆಯೂ ಒಂದೇ ಥರ ಕಾಣಿಸುತ್ತದೆ. ಸುಮಾರು ಇದೇ ಕಡೆ ಅಂತ ಇಳಿಯತೊಡಗುವವರೇ ತಪ್ಪುವುದು. ಮೇಲೆ ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಕೆಳಗೆ ನೂರಾರು ಅಡಿ ಪಕ್ಕಕ್ಕೆ ಹೋಗುತ್ತೀರಿ. ಮೊದಲ ಬಾಣ ಅಥವಾ ಮೊದಲ ಫೋಟೊದ ಜಾಗ ಖಚಿತವಾದ ಮೇಲೆಯೇ ಇಳಿಯಿರಿ.

ಈ ಬೆಟ್ಟದ ಆಕಾರ ಅರ್ಥ ಮಾಡಿಕೊಂಡರೆ ಅರ್ಧ ಅಪಾಯ ಕಳೆದಂತೆ. ಬಂಡೆ ಮೇಲೆ ಚಪ್ಪಟೆ, ಕೆಳಗೆ ಹೋದಷ್ಟೂ ಕಡಿದು. ಮೇಲೆ ನಿಂತು ನೋಡಿದರೆ ಹತ್ತಿರದ ಇಳಿಜಾರು ಮಾತ್ರ ಕಾಣಿಸುತ್ತದೆ, ಅದರಾಚೆ ನೇರವಾಗಿ ದೇವಸ್ಥಾನ, ಗಾಡಿಗಳು, ಹೊಲ. ನಡುವಿನ ಕಡಿದಾದ ಭಾಗ ಬಂಡೆಯ ಉಬ್ಬಿನಲ್ಲಿ ಮುಚ್ಚಿಹೋಗಿರುತ್ತದೆ. ದೇವಸ್ಥಾನ ಇಷ್ಟು ಹತ್ತಿರ ಕಾಣುತ್ತಿದೆಯಲ್ಲ ಅನ್ನಿಸುವುದು ಆ ಭಾಗ ಕಾಣಿಸದೇ ಇರುವುದರಿಂದ. ಇಳಿಯುತ್ತಾ ಹೋದ ಹಾಗೆ ಓರೆ ಸ್ವಲ್ಪಸ್ವಲ್ಪವೇ ಹೆಚ್ಚುತ್ತದೆ. ಎಲ್ಲಿ ನಿಲ್ಲಬೇಕಿತ್ತು ಅಂತ ಗೊತ್ತಾಗುವ ಹೊತ್ತಿಗೆ ತಿರುಗಿ ಹತ್ತಲು ಹಿಡಿತ ಇರುವುದಿಲ್ಲ.

ಅದಕ್ಕೆ ಒಂದೇ ನಿಯಮ: ವಾಪಸ್ ಹತ್ತಲಾಗದ ಜಾಗಕ್ಕೆ ಇಳಿಯಬೇಡಿ. ಅನುಮಾನ ಬಂದಲ್ಲೇ ನಿಂತು, ಐದು ಹೆಜ್ಜೆ ಮೇಲೆ ಹತ್ತಿ ನೋಡಿ. ಹತ್ತಲು ಆಗುತ್ತಿದೆಯಾದರೆ ಇನ್ನೂ ಸುರಕ್ಷಿತ ಜಾಗದಲ್ಲಿದ್ದೀರಿ. ಕಷ್ಟವಾದರೆ ಅಲ್ಲಿಂದಲೇ ಮೇಲಕ್ಕೆ ಹೋಗಿ ದಾರಿ ಹುಡುಕಿ. ಮೇಲೆ ಹತ್ತುವುದು ಬೇಜಾರು, ನಿಜ. ಆದರೂ ಹತ್ತಿ.

ಇನ್ನು ಕಾಲಿನ ಕೆಲಸ. ಮಂಡಿ ಸ್ವಲ್ಪ ಮಡಚಿರಲಿ. ಚಿಕ್ಕ ಹೆಜ್ಜೆ, ಪೂರ್ತಿ ಅಂಗಾಲು. ಎದೆ ಪಾದಕ್ಕಿಂತ ಸ್ವಲ್ಪ ಮುಂದಿರಲಿ. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ. ವಾಲಿದಷ್ಟೂ ಹಿಮ್ಮಡಿ ಮಾತ್ರ ಊರಿ, ಪಾದ ಮುಂದಕ್ಕೆ ಜಾರುತ್ತದೆ. ಜಾಸ್ತಿ ಜನ ಬೀಳುವುದು ಹೀಗೆ. ಓರೆ ಜಾಸ್ತಿಯಿದ್ದಲ್ಲಿ ನೇರ ಇಳಿಯದೆ ಅಡ್ಡಡ್ಡ, ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಇಳಿಯಿರಿ. ಓಡಬೇಡಿ, ನಾಲ್ಕು ಹೆಜ್ಜೆ ಓಡಿದರೂ ಬಂಡೆ ಮೇಲೆ ನಿಲ್ಲಲು ಆಗುವುದಿಲ್ಲ.

ಕೂತು ಜಾರುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಟ್ಟೆಗೆ ರಬ್ಬರಿನ ಹಿಡಿತ ಇಲ್ಲ, ಒಮ್ಮೆ ವೇಗ ಬಂದರೆ ತಡೆಯಲಾಗದು. ನಡೆಯಲು ತೀರಾ ಭಯವಾದರೆ ಕೂತೇ ಇಳಿಯಿರಿ, ಆದರೆ ಜಾರಬೇಡಿ. ಎರಡು ಅಂಗಾಲು, ಎರಡು ಅಂಗೈ ಬಂಡೆಗೆ ಒತ್ತಿ, ಒಂದೊಂದನ್ನೇ ಸರಿಸುತ್ತಾ ಬನ್ನಿ. ಬಂಡೆಯ ಸಂದಿಯಂಥ ಮೋಟು ಜಾಗಗಳಲ್ಲಿ ಬೆನ್ನು ಹೊರಕ್ಕೆ, ಮುಖ ಬಂಡೆಗೆ ಮಾಡಿ, ಏಣಿ ಇಳಿಯುವಂತೆ ಇಳಿಯಿರಿ. ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಊರಿರಬೇಕು.

ಕೈ ಕೈ ಹಿಡಿದು ಸಾಲಾಗಿ ಇಳಿಯಬೇಡಿ. ಒಬ್ಬರು ಜಾರಿದರೆ ಎಲ್ಲರೂ ಹೋಗುತ್ತಾರೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬೇಡಿ. ಕಲ್ಲು ಉರುಳಿದರೆ "ಕಲ್ಲು! ಕಲ್ಲು!" ಅಂತ ಜೋರಾಗಿ ಕೂಗಿ. ಹೆದರಿದವರಿಗೆ ಕೆಳಗೆ ನೋಡಬೇಡ ಅನ್ನುವ ಬದಲು, ಅನುಭವ ಇದ್ದವರೊಬ್ಬರು ಓರೆಯಾಗಿ ಎರಡು ಹೆಜ್ಜೆ ಕೆಳಗೆ ನಿಂತು ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತ ಕೈ ಮಾಡಿ ತೋರಿಸಿ.

ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಲ್ಲಿ. ಕೊನೆಯ ಕಾಲು ಭಾಗದಲ್ಲಿ ತೊಡೆ ಸೋತಿರುತ್ತದೆ, ಗಮನ ಊಟದ ಕಡೆ ಹೋಗಿರುತ್ತದೆ. ಅಲ್ಲೂ ಬಂಡೆ ಅಷ್ಟೇ ಜಾರುತ್ತದೆ.

ಹಂತ 9: ದಾರಿ ತಪ್ಪಿದರೆ, ಪೆಟ್ಟಾದರೆ

ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಲ್ಲಿ. ಎಲ್ಲರೂ ಒಂದು ಕಡೆ ಸೇರಿ, ಕೂತು ನೀರು ಕುಡಿಯಿರಿ. ಕೊನೆಯ ಗುರುತು ಎಲ್ಲಿತ್ತು ಅಂತ ಫೋಟೊ ನೋಡಿ. ಅಲ್ಲಿಗೆ ವಾಪಸ್ ಹತ್ತುವುದು ಸಾಧ್ಯವಾದರೆ ಹತ್ತಿ. ಗುಂಪು ಒಡೆದು ನಾಲ್ಕು ದಿಕ್ಕಿಗೆ ಹುಡುಕಲು ಹೋಗಬೇಡಿ.

ಕಡಿದಾದ ಬಂಡೆಯಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೊಂದು ಪ್ರಯತ್ನ ಮಾಡೋಣ ಅನ್ನಬೇಡಿ. ಗಟ್ಟಿಯಾಗಿ ಕೂರಲು ಜಾಗ ನೋಡಿ ಕೂತುಬಿಡಿ, ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗಬಹುದು. ಸಾವನದುರ್ಗ, ಬಿಳಿಗುಡ್ಡ, ಎಷ್ಟು ಜನ, ಯಾರಿಗೆ ಏನಾಗಿದೆ, ಎಷ್ಟು ನೀರಿದೆ ಅಂತ ಹೇಳಿ. ಮ್ಯಾಪ್‌ನಲ್ಲಿ ನಿಮ್ಮ ಜಾಗದ ಮೇಲೆ ಒತ್ತಿ ಹಿಡಿದರೆ ಬರುವ ಅಂಕಿಗಳನ್ನು ಓದಿ ಹೇಳಿ, ಮನೆಯವರಿಗೂ ಕಳಿಸಿ. ಆಮೇಲೆ ಒಂದು ಫೋನ್ ಮಾತ್ರ ಬಳಸಿ, ಉಳಿದವನ್ನು ಆರಿಸಿಡಿ. ಸೀಟಿಯನ್ನು ನಿಮಿಷಕ್ಕೊಮ್ಮೆ ಮೂರು ಸಲ ಊದಿ. ಕೂಗುವುದಕ್ಕಿಂತ ದೂರ ಕೇಳಿಸುತ್ತದೆ, ಗಂಟಲೂ ಒಣಗುವುದಿಲ್ಲ.

ಬಿದ್ದವರ ತಲೆ, ಕತ್ತು, ಬೆನ್ನಿಗೆ ಪೆಟ್ಟಾಗಿದ್ದರೆ ಎತ್ತಿಕೊಂಡು ಇಳಿಸಲು ಹೋಗಬೇಡಿ. ಅಲುಗಾಡಿಸದೆ ಮಲಗಿಸಿ, ರಕ್ತ ಬರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಬಿಸಿಲಿಗೆ ನೆರಳು ಮಾಡಿ. ಪಾದ ಉಳುಕಿದ್ದರೆ ಶೂ ಬಿಚ್ಚಬೇಡಿ. ಬಿಚ್ಚಿದರೆ ಊದಿಕೊಂಡು ಮತ್ತೆ ಹಾಕಲು ಆಗುವುದಿಲ್ಲ. ಶೂ ಮೇಲಿಂದಲೇ ಕ್ರೇಪ್ ಬ್ಯಾಂಡೇಜ್ ಸುತ್ತಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ನೋಡಿಕೊಳ್ಳಿ. ಅವರನ್ನು ನಡೆಸದೆ ಸಹಾಯ ಕರೆಸಿ ಆಸ್ಪತ್ರೆಗೆ ಸೇರಿಸಬೇಕು. ಆಂಬುಲೆನ್ಸ್‌ಗೆ 108. ಅದು ಬೆಟ್ಟದ ಬುಡದವರೆಗೆ ಮಾತ್ರ ಬರುತ್ತದೆ. ಆದ್ದರಿಂದ ಅದಕ್ಕೆ ಹೇಳುವುದರ ಜೊತೆಗೆ 112ಕ್ಕೂ ಹೇಳಿ.

ಹಂತ 10: ಕೆಳಗೆ ಬಂದ ಮೇಲೆ

ತಲೆ ಎಣಿಸಿ. ಪ್ರವೇಶದ ಜಾಗದಲ್ಲಿ ಹೆಸರು ಬರೆಸಿದ್ದರೆ ವಾಪಸ್ ಬಂದೆವು ಅಂತ ತಿಳಿಸಿ, ಇಲ್ಲದಿದ್ದರೆ ಸಂಜೆ ನಿಮ್ಮನ್ನು ಹುಡುಕಲು ಸಿಬ್ಬಂದಿ ಹೊರಡಬೇಕಾದೀತು. ಮನೆಗೆ ಫೋನ್ ಮಾಡಿ.

ಇಲ್ಲಿಂದ ತುಂಬಾ ಜನ ಮೈ ತಣ್ಣಗೆ ಮಾಡಿಕೊಳ್ಳೋಣ ಅಂತ ಮಂಚನಬೆಲೆ ಜಲಾಶಯದ ಕಡೆ ಹೋಗುತ್ತಾರೆ. ದಡದಲ್ಲಿ ಕೂರಿ, ನೀರಿಗೆ ಇಳಿಯಬೇಡಿ. ದಡದ ಕೆಸರಿನಲ್ಲಿ ಕಾಲು ಹೂತು, ಆಳ ಗೊತ್ತಾಗದೆ ಅಲ್ಲಿ ಎಷ್ಟೋ ಮಂದಿ ಮುಳುಗಿ ಸತ್ತಿದ್ದಾರೆ. ಈಜು ಬರುವವರೂ ಅದರಲ್ಲಿದ್ದಾರೆ. ಬೆಟ್ಟ ಇಳಿದ ಕಾಲು ಬೇರೆ ಸೋತಿರುತ್ತದೆ, ನೀರಿನಲ್ಲಿ ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಗಾಡಿ ಓಡಿಸುವವರು ಹೊಟ್ಟೆ ತುಂಬಾ ಉಂಡ ತಕ್ಷಣ ಹೊರಡಬೇಡಿ, ಮಾಗಡಿ ರಸ್ತೆಯಲ್ಲಿ ನಿದ್ದೆ ಎಳೆಯುತ್ತದೆ. ಅರ್ಧ ಗಂಟೆ ಮರದ ನೆರಳಲ್ಲಿ ಮಲಗಿ, ಇಲ್ಲವೇ ಬೇರೆಯವರ ಕೈಗೆ ಗಾಡಿ ಕೊಡಿ. ಮರುದಿನ ತೊಡೆ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಮಂಡಿ ಊದಿದ್ದರೆ, ಪಾದ ಊರಲು ಆಗದಿದ್ದರೆ, ಅಥವಾ ಮೂತ್ರ ಕಾಫಿ 

ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.